ಉಪ್ಪುನೀರಿಗೆ ಒಂದು, ಚಿರೇಕಲ್ಲಿಗೆ ಒಂದು: ಉತ್ತರ ಕನ್ನಡದ ನೆಲಕ್ಕೆ ಒಗ್ಗುವ 11 ಕೆವಿ, 33 ಕೆವಿ ಕೇಬಲ್ ಆರಿಸುವ ಬಗೆ

ಕಾರವಾರದಲ್ಲಿ ಐಸ್ ಪ್ಲಾಂಟ್ ಹಾಕುವವರಿರಲಿ, ಶಿರಸಿಯಲ್ಲಿ ನರ್ಸಿಂಗ್ ಹೋಂ ಕಟ್ಟುವವರಿರಲಿ, ಎಚ್‌ಟಿ (ಹೈ ಟೆನ್ಷನ್) ಸಂಪರ್ಕದ ಎಸ್ಟಿಮೇಟಿನಲ್ಲಿ ಕೇಬಲ್ ಬಗ್ಗೆ ಸಿಗುವುದು ಒಂದೇ ಸಾಲು: 11 ಕೆವಿ, ತ್ರೀ ಕೋರ್ (ಒಂದೇ ಹೊದಿಕೆಯೊಳಗೆ ನಿರೋಧಕ ಸುತ್ತಿದ ಮೂರು ವಾಹಕ), 95 ಚದರ ಮಿ.ಮೀ., ಅಲ್ಯೂಮಿನಿಯಂ, ಎಕ್ಸ್‌ಎಲ್‌ಪಿಇ. ಹುಬ್ಬಳ್ಳಿಯ ಕೈಗಾರಿಕಾ ವಸಾಹತಿಗೂ ಅದೇ ಸಾಲು, ಕಾರವಾರದ ಬೈತಖೋಲ ಬಂದರಿಗೂ ಅದೇ ಸಾಲು. ಒಂದು ಕಡೆ ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣು, ಇನ್ನೊಂದು ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಕುಡಿಯುವ, ಭರತದ ನೀರು ದಿನಕ್ಕೆ ಎರಡು ಸಲ ಬಂದುಹೋಗುವ ನೆಲ. ಎರಡಕ್ಕೂ ಒಂದೇ ಕೇಬಲ್ ಹೇಗೆ ಸರಿಹೋದೀತು?

ನಾನು ಹೇಳಹೊರಟಿರುವುದು ಇಷ್ಟು. ನಮ್ಮ ಜಿಲ್ಲೆಯಲ್ಲಿ ಕೇಬಲ್ಲನ್ನು ಕೊಲ್ಲುವುದು ಲೋಡ್ ಅಲ್ಲ, ನೀರು. ಆದ್ದರಿಂದ ಆಯ್ಕೆ ಹೊರಗಿನಿಂದ ಒಳಕ್ಕೆ ಸಾಗಬೇಕು: ಮೊದಲು ಹೊರಕವಚ, ಆಮೇಲೆ ಆರ್ಮರ್ (ಲೋಹದ ರಕ್ಷಾಪದರ), ಆಮೇಲೆ ನೀರುತಡೆ, ಆಮೇಲೆ ನಿರೋಧಕ (ಇನ್ಸುಲೇಷನ್), ಕಟ್ಟಕಡೆಗೆ ಲೋಹದ ವಾಹಕ. ಅಂಗಡಿಯಲ್ಲಿ ಮಾತುಕತೆ ನಡೆಯುವುದು ಇದಕ್ಕೆ ತಿರುಗಾಮುರುಗಾ. ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬಲ್ಲೇ ಅರ್ಧ ದಿನ ಕಳೆದುಹೋಗುತ್ತದೆ, ಹೊರಗಿನ ಪ್ಲಾಸ್ಟಿಕ್ ಯಾವುದು ಎಂದು ಯಾರೂ ಕೇಳುವುದಿಲ್ಲ.

ನೆಲ ನೋಡದೆ ಕೇಬಲ್ ನೋಡಬೇಡಿ

ಕೇಬಲ್ ಆರಿಸುವ ಮಟ್ಟಿಗೆ ನಮ್ಮ ನೆಲವನ್ನು ನಾಲ್ಕಾಗಿ ವಿಂಗಡಿಸಿಕೊಂಡರೆ ಸಾಕು. ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡಲಂಚಿನ ಮರಳು. ಅಘನಾಶಿನಿ, ಗಂಗಾವಳಿ, ಕಾಳಿ, ಶರಾವತಿ ಹೊಳೆಗಳ ಅಳಿವೆಯ ಬಳಿ ಉಪ್ಪುನೀರು ನುಗ್ಗುವ ಗಜನಿ. ಕುಮಟಾ, ಹೊನ್ನಾವರ, ಭಟ್ಕಳದ ಗುಡ್ಡಗಳ ಚಿರೇಕಲ್ಲು (ಜಂಬಿಟ್ಟಿಗೆ). ಘಟ್ಟ ಹತ್ತಿದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೆಂಪುಮಣ್ಣು ಮತ್ತು ಅಡಿಕೆ ತೋಟದ ತಗ್ಗಿನ ಜೌಗು.

ನಾಲ್ಕರಲ್ಲಿ ಕಷ್ಟದ್ದು ಗಜನಿ. ಅಲ್ಲಿ ಕೇಬಲ್ ವರ್ಷದ ಬಹುಕಾಲ ಉಪ್ಪುನೀರಿನಲ್ಲಿ ಮುಳುಗಿರುತ್ತದೆ. ಹೊರಕವಚದಲ್ಲಿ ಸೂಜಿಮೊನೆಯಷ್ಟು ತೂತಾದರೂ ಕ್ಲೋರೈಡ್ ಒಳಗೆ ಹೋಗಿ ಆರ್ಮರಿನ ಸತು ಲೇಪನವನ್ನು ತಿನ್ನುತ್ತದೆ, ಮುಂದೆ ಉಕ್ಕನ್ನೇ ತಿನ್ನುತ್ತದೆ. ಚಿರೇಕಲ್ಲಿನದು ಬೇರೆ ತಕರಾರು. ಮಳೆಗಾಲದಲ್ಲಿ ನೀರನ್ನು ಚೆನ್ನಾಗಿ ಹಿಡಿಯುವ ಈ ಕಲ್ಲು ಮಾರ್ಚ್ ಹೊತ್ತಿಗೆ ಪೂರಾ ಒಣಗಿ, ಕೇಬಲ್ಲಿನ ಶಾಖವನ್ನು ಹೊರಗೆ ಬಿಡುವುದಿಲ್ಲ. ಜೊತೆಗೆ ಅಗೆದ ಕಲ್ಲಿನ ಅಂಚು ಚೂಪು. ಎಳೆಯುವಾಗ ಕವಚ ಸೀಳುತ್ತದೆ. ಮರಳಿನಲ್ಲಿ ಅಗೆಯುವುದು ಸುಲಭ, ಹೂತದ್ದು ಕಡಲ್ಕೊರೆತಕ್ಕೆ ಹೊರಗೆ ಬರುವುದೂ ಅಷ್ಟೇ ಸುಲಭ. ಘಟ್ಟದ ಮೇಲೆ ಒರಲೆ, ಹೆಗ್ಗಣ ಮತ್ತು ತೋಟದ ಕಾಲುವೆ ಬಿಡಿಸುವ ಜೆಸಿಬಿ.

ನಿರೋಧಕ: ಇಲ್ಲಿ ಆಯ್ಕೆ ಇರುವುದು ಎರಡೇ

ಆಯ್ಕೆಯ ಕ್ರಮ ಹೊರಗಿನಿಂದ ಒಳಕ್ಕಾದರೂ ವಿವರಣೆಯನ್ನು ನಿರೋಧಕದಿಂದ ಶುರುಮಾಡುತ್ತೇನೆ; ನೀರು ಕೊನೆಗೆ ಕೆಡಿಸುವುದು ಅದನ್ನೇ. ಹಳೆಯ ಕಾಲದ, ಎಣ್ಣೆ ಹೀರಿಸಿದ ಕಾಗದ ಸುತ್ತಿ ಸೀಸದ ಕವಚ ಹೊದಿಸಿದ ಕೇಬಲ್ಲನ್ನು ಬೇಗ ಬದಿಗಿಡಬಹುದು. ಸೀಸದ ಕವಚ ಗಟ್ಟಿ ಇರುವಷ್ಟು ಕಾಲ ಅದು ನೀರನ್ನು ತಡೆದ ಮಟ್ಟಿಗೆ ಬೇರಾವುದೂ ತಡೆದಿಲ್ಲ, ಆ ಗೌರವ ಅದಕ್ಕೆ ಸಲ್ಲಬೇಕು. ಆದರೆ ಇಳಿಜಾರಿನಲ್ಲಿ ಅದರ ಎಣ್ಣೆ ಕೆಳಕ್ಕೆ ಇಳಿದು ಮೇಲಿನ ತುದಿ ಒಣಗುತ್ತದೆ. ಜಾಯಿಂಟ್ ಮಾಡುವ ಕೈಗಳೂ ಈಗ ಅಪರೂಪ.

ಇಂದು ಎಲ್ಲರೂ ಹಾಕುವುದು ಎಕ್ಸ್‌ಎಲ್‌ಪಿಇ, ಅಂದರೆ ಅಡ್ಡಕೊಂಡಿ ಹಾಕಿ ಬಿಗಿಗೊಳಿಸಿದ ಪಾಲಿಥೀನ್. ಸದಾಕಾಲ 90 ಡಿಗ್ರಿ ಸೆಲ್ಸಿಯಸ್, ಶಾರ್ಟ್ ಸರ್ಕ್ಯೂಟಿನ ಕ್ಷಣದಲ್ಲಿ 250 ಡಿಗ್ರಿ ತಡೆಯುತ್ತದೆ. 3.3 ಕೆವಿಯಿಂದ 33 ಕೆವಿವರೆಗಿನ ಇಂಥ ಕೇಬಲ್ಲಿಗೆ ಭಾರತೀಯ ಮಾನಕ ಐಎಸ್ 7098ರ ಎರಡನೇ ಭಾಗ. ಅದರ ದೌರ್ಬಲ್ಯ ಒಂದೇ, ಅದು ನಮ್ಮ ಊರಿಗೆ ನೇರವಾಗಿ ತಾಗುವಂಥದ್ದು. ತೇವ ಮತ್ತು ವಿದ್ಯುತ್ ಕ್ಷೇತ್ರ ಎರಡೂ ವರ್ಷಗಟ್ಟಲೆ ಜೊತೆಗಿದ್ದರೆ ಪಾಲಿಥೀನಿನೊಳಗೆ ಸೂಕ್ಷ್ಮ ಬಿಳಲುಗಳು ಹುಟ್ಟಿ ಕವಲೊಡೆಯುತ್ತ ಬೆಳೆಯುತ್ತವೆ. ಇವನ್ನು ವಾಟರ್ ಟ್ರೀ ಎನ್ನುತ್ತಾರೆ. ಅವು ಬೆಳೆಯುವಾಗ ಕರೆಂಟು ಹೋಗುವುದಿಲ್ಲ, ನಿರೋಧಕದ ಗಟ್ಟಿತನ ಅಳೆಯುವ ಮೆಗ್ಗರ್ ಹಾಕಿದರೂ ಬಹಳ ಸಲ ಗೊತ್ತಾಗುವುದಿಲ್ಲ. ಒಂದು ಸಿಡಿಲಿನ ಹೊಡೆತಕ್ಕೋ ಸ್ವಿಚಿಂಗಿನ ಏರಿಳಿತಕ್ಕೋ ಆ ಬಿಳಲು ಸುಟ್ಟ ದಾರಿಯಾಗಿ ಬದಲಾದಾಗ ಕೇಬಲ್ ಪಂಕ್ಚರ್ ಆಗುತ್ತದೆ. ಅಮೆರಿಕದಲ್ಲಿ ಹೊರಕವಚವಿಲ್ಲದೆ ಹೂತ ಆರಂಭದ ಪಾಲಿಥೀನ್ ಕೇಬಲ್ಲುಗಳು 1970ರ ದಶಕದಲ್ಲಿ ಅವಧಿಗೆ ಮುಂಚೆ ಕೆಡತೊಡಗಿದ್ದು ಇದೇ ಕಾರಣಕ್ಕೆ. 1980ರ ದಶಕದಲ್ಲಿ ಈ ಬಿಳಲನ್ನು ತಡೆಯುವ ಟ್ರೀ-ರಿಟಾರ್ಡೆಂಟ್ ಎಕ್ಸ್‌ಎಲ್‌ಪಿಇ ಬಂತು.

ನಮ್ಮಲ್ಲಿ ನಿಜವಾದ ಹೋಲಿಕೆ ಇರುವುದು ಸಾದಾ ಎಕ್ಸ್‌ಎಲ್‌ಪಿಇಗೂ ಈ ಟ್ರೀ-ರಿಟಾರ್ಡೆಂಟ್ ಬಗೆಗೂ ನಡುವೆ. ಶಿರಸಿ ಪೇಟೆಯೊಳಗೆ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಸಾದಾ ಸಾಕು. ಗಜನಿ, ಹೊಳೆಬದಿ, ಗದ್ದೆ, ತೋಟದ ಜೌಗು ಇದ್ದಲ್ಲಿ ಟ್ರೀ-ರಿಟಾರ್ಡೆಂಟ್ ಕೇಳಿ. ಕೇಳದಿದ್ದರೆ ಸಾದಾ ಬರುತ್ತದೆ.

ಇಪಿಆರ್ ರಬ್ಬರ್ ಮೂರನೆಯದು. ಒದ್ದೆಯಲ್ಲಿ ಚೆನ್ನಾಗಿ ಬಾಳುತ್ತದೆ, ಸುಲಭವಾಗಿ ಬಾಗುತ್ತದೆ. ಗಣಿ, ಹಡಗು, ಬಂದರಿನ ಕ್ರೇನುಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬೆಲೆ ಜಾಸ್ತಿ, ನಿರೋಧಕದೊಳಗೇ ನಷ್ಟವಾಗುವ ವಿದ್ಯುತ್ತೂ ಎಕ್ಸ್‌ಎಲ್‌ಪಿಇಗಿಂತ ಹೆಚ್ಚು. ನೆಲದಲ್ಲಿ ಹೂತು ಬಿಡುವ ಫೀಡರಿಗೆ (ಉಪಕೇಂದ್ರದಿಂದ ಹೊರಡುವ ಮುಖ್ಯ ಲೈನಿಗೆ) ಅದನ್ನು ನಾನು ಹೇಳುವುದಿಲ್ಲ. ಜೆಟ್ಟಿಯ ಮೇಲೆ ಅತ್ತಿತ್ತ ಸರಿಯುವ ಯಂತ್ರವಿದ್ದರೆ ಹೇಳುತ್ತೇನೆ.

ತಯಾರಿಕೆಯ ವಿಷಯದಲ್ಲಿ ಆರ್ಡರಿನಲ್ಲೇ ಬರೆಸಬೇಕಾದ ಮಾತು ಎರಡು. ವಿದ್ಯುತ್ ಒತ್ತಡವನ್ನು ಸಮನಾಗಿ ಹರಡುವ ಒಳಗಿನ ಅರೆವಾಹಕ ಪದರ, ನಿರೋಧಕ, ಹೊರಗಿನ ಅರೆವಾಹಕ ಪದರ ಮೂರೂ ಒಂದೇ ಬಾರಿಗೆ, ಒಂದೇ ಹೆಡ್ಡಿನಿಂದ ಹೊರಬಂದಿರಬೇಕು. ನಡುವೆ ಧೂಳಿಗೆ, ಗಾಳಿಗುಳ್ಳೆಗೆ ಎಡೆ ಇರಬಾರದು. ಎರಡನೆಯದು, ಪಾಲಿಥೀನಿಗೆ ಅಡ್ಡಕೊಂಡಿ ಹಾಕಿ ಹದಗೊಳಿಸುವ ಕೆಲಸ ಆವಿಯಲ್ಲಿ ಆಗದೆ ನೈಟ್ರೋಜನ್ ತುಂಬಿದ ಒಣ ಕೊಳವೆಯಲ್ಲಿ ಆಗಿರಬೇಕು. ಆವಿಯಲ್ಲಿ ಹದವಾದದ್ದು ಹುಟ್ಟುವಾಗಲೇ ತೇವವನ್ನು ಒಳಗಿಟ್ಟುಕೊಂಡು ಬರುತ್ತದೆ.

3.6 ಮಿ.ಮೀ. ಸಾಕೋ, 5.5 ಬೇಕೋ?

11 ಕೆವಿ ಕೇಬಲ್ಲಿನಲ್ಲಿ ಎರಡು ದರ್ಜೆ ಸಿಗುತ್ತವೆ. ದರ್ಜೆಯ ಮೊದಲ ಅಂಕಿ ವಾಹಕಕ್ಕೂ ಭೂಮಿಗೂ ನಡುವಿನ ವೋಲ್ಟೇಜ್, ಎರಡನೆಯದು ವಾಹಕ-ವಾಹಕಗಳ ನಡುವಿನದು. ಅರ್ತ್ಡ್ ದರ್ಜೆ, ಅಂದರೆ 6.35/11 ಕೆವಿ, ಅದರ ನಿರೋಧಕದ ದಪ್ಪ 3.6 ಮಿ.ಮೀ. ಅನ್‌ಅರ್ತ್ಡ್ ದರ್ಜೆ, 11/11 ಕೆವಿ. ಅದರ ದಪ್ಪ 5.5 ಮಿ.ಮೀ. 33/11 ಕೆವಿ ಉಪಕೇಂದ್ರದ 11 ಕೆವಿ ಬದಿಯ ನ್ಯೂಟ್ರಲ್ (ಮೂರು ಫೇಸ್ ಕೂಡುವ ಬಿಂದು) ನೇರವಾಗಿ ಭೂಮಿಗೆ ಕಟ್ಟಿರುವಲ್ಲಿ ಲೆಕ್ಕದ ಪ್ರಕಾರ ಮೊದಲನೆಯದೇ ಸಾಕು, ಒಣ ನೆಲದಲ್ಲಿ ನಾನೂ ಅದನ್ನೇ ಹೇಳುತ್ತೇನೆ.

ಆದರೆ ಒಂದು ಭಾಗಾಕಾರ ಮಾಡಿ ನೋಡಿ. 6.35 ಕೆವಿಯನ್ನು 3.6ರಿಂದ ಭಾಗಿಸಿದರೆ ಪ್ರತಿ ಮಿಲಿಮೀಟರಿಗೆ ಸರಾಸರಿ 1.76 ಕೆವಿ ಒತ್ತಡ, 5.5ರಿಂದ ಭಾಗಿಸಿದರೆ 1.15. ವಾಟರ್ ಟ್ರೀ ಬೆಳೆಯಲು ತೇವದ ಜೊತೆ ಈ ಒತ್ತಡವೂ ಬೇಕು. ಮೂರರಲ್ಲಿ ಒಂದು ಪಾಲು ಒತ್ತಡ ಇಳಿದರೆ ಬಿಳಲು ಬೆಳೆಯುವ ವೇಗವೂ ಇಳಿಯುತ್ತದೆ. ಟ್ರೀ-ರಿಟಾರ್ಡೆಂಟ್ ಬಗೆ ಸಮಯಕ್ಕೆ ಸಿಗದಿದ್ದರೆ, ಗಜನಿಯಂಥ ಕಡೆ ಸಾದಾ ಎಕ್ಸ್‌ಎಲ್‌ಪಿಇಯ ಅನ್‌ಅರ್ತ್ಡ್ ದರ್ಜೆಯನ್ನೇ ಹಾಕುವುದು ಒಳ್ಳೆಯ ಪರ್ಯಾಯ. ಕೇಬಲ್ ದಪ್ಪವಾಗುತ್ತದೆ, ಬೆಲೆ ಏರುತ್ತದೆ, ತುದಿಗೆ ಹಾಕುವ ಟರ್ಮಿನೇಷನ್ ಮತ್ತು ಜಾಯಿಂಟ್ ಕಿಟ್ಟಿನ ಅಳತೆಯೂ ಬದಲಾಗುತ್ತದೆ ಎಂಬುದನ್ನು ಮೊದಲೇ ಗಮನದಲ್ಲಿಡಿ.

ಹೊರಪದರಗಳು: ದುಡ್ಡು ಸುರಿಯಬೇಕಾದ ಜಾಗ

ಹೊರಕವಚಕ್ಕೆ ಪಿವಿಸಿ ಅಥವಾ ಪಾಲಿಥೀನ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಪಿವಿಸಿ. ಅದು ಬೆಂಕಿಯನ್ನು ಬೇಗ ಹಿಡಿಸಿಕೊಳ್ಳುವುದಿಲ್ಲ. ಕಟ್ಟಡದೊಳಗೆ, ಪ್ಯಾನೆಲ್ ರೂಮಿನಲ್ಲಿ, ಟ್ರೇ ಮೇಲೆ ಅದೇ ಬೇಕು. ಆದರೆ ನೀರಿನ ಆವಿ ಪಿವಿಸಿಯ ಮೂಲಕ ಪಾಲಿಥೀನಿಗಿಂತ ಎಷ್ಟೋ ಸಲೀಸಾಗಿ ಹಾದುಹೋಗುತ್ತದೆ. ನೆಲದಡಿಯಲ್ಲಿ ಹೈ ಡೆನ್ಸಿಟಿ ಪಾಲಿಥೀನ್ ಕವಚ ಗಟ್ಟಿ, ಚಿರೇಕಲ್ಲಿನ ಮೇಲೆ ಎಳೆದರೂ ಗೀರು ಕಡಿಮೆ, ಒರಲೆಗೆ ಕಡಿಯಲು ಕಷ್ಟ. ಅದರ ದೋಷ, ಬೆಂಕಿ ತಗುಲಿದರೆ ಉರಿಯುತ್ತದೆ. ಹಾಗಾಗಿ ಹೊರಗೆ ಹೂಳುವ ಉದ್ದಕ್ಕೆ ಪಾಲಿಥೀನ್ ಹಾಕಿ, ಕಟ್ಟಡದೊಳಗೆ ಬರುವ ಕೊನೆಯ ಕೆಲವು ಮೀಟರಿಗೆ ಬೆಂಕಿತಡೆ ಬಣ್ಣವನ್ನೋ ಸುತ್ತುಪಟ್ಟಿಯನ್ನೋ ಹಚ್ಚುವುದು ಒಳ್ಳೆಯದು. ಘಟ್ಟದ ಮೇಲಿನವರು ಒರಲೆ ಮತ್ತು ಇಲಿ-ಹೆಗ್ಗಣ ತಡೆಯುವ ಮಿಶ್ರಣದ ಕವಚವನ್ನೂ ಕೇಳಿ ಪಡೆಯಬಹುದು.

ಆರ್ಮರಿನಲ್ಲಿ ಎರಡು ಬಗೆ: ಚಪ್ಪಟೆ ಪಟ್ಟಿ, ದುಂಡು ತಂತಿ. ಕೇಬಲ್ಲಿನ ಸಂಕೇತದಲ್ಲಿ ಪಟ್ಟಿಗೆ ಎಫ್, ತಂತಿಗೆ ಡಬ್ಲ್ಯೂ ಅಕ್ಷರ ಇರುತ್ತದೆ; ಎ2ಎಕ್ಸ್‌ಎಫ್‌ವೈ ಎಂದಿದ್ದರೆ ಪಟ್ಟಿ, ಎ2ಎಕ್ಸ್‌ಡಬ್ಲ್ಯೂವೈ ಎಂದಿದ್ದರೆ ತಂತಿ. ಕೊನೆಯ ವೈ ಪಿವಿಸಿ ಹೊರಕವಚ, ಅಲ್ಲಿ 2ವೈ ಇದ್ದರೆ ಪಾಲಿಥೀನ್. ಸಮತಟ್ಟಾದ ನೆಲದಲ್ಲಿ ಪಟ್ಟಿ ಸಾಕು, ಅಗ್ಗವೂ ಹೌದು. ದೇವಿಮನೆ, ಅರಬೈಲಿನಂಥ ಘಟ್ಟದ ಇಳಿಜಾರಿನಲ್ಲಿ, ಹೊಳೆಯಡಿಯ ಕೊಳವೆಯಲ್ಲಿ, ಎಳೆತ ಬೀಳುವ ಕಡೆಯೆಲ್ಲ ದುಂಡು ತಂತಿಯೇ ಬೇಕು.

ಆರ್ಮರಿಗೆ ಇನ್ನೊಂದು ಜವಾಬ್ದಾರಿಯೂ ಇದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಭೂಮಿಗೆ ಫಾಲ್ಟ್ ಆದಾಗ ಆ ಕರೆಂಟು ಉಪಕೇಂದ್ರಕ್ಕೆ ಹಿಂದಿರುಗುವ ದಾರಿಯಲ್ಲಿ ಆರ್ಮರೂ ಒಂದು. ಉಪ್ಪುನೀರಿನಲ್ಲಿ ಆರ್ಮರ್ ತುಕ್ಕು ತಿಂದು ತುಂಡಾದರೆ ಪೂರಾ ಭಾರ ಕೋರ್ ಮೇಲೆ ಸ್ಕ್ರೀನ್ ಆಗಿ ಸುತ್ತಿದ ತೆಳು ತಾಮ್ರದ ಪಟ್ಟಿಗೆ ಬೀಳುತ್ತದೆ. ಆ ಪಟ್ಟಿ ಸುಟ್ಟುಹೋದರೆ ಫಾಲ್ಟ್ ಗುರುತಿಸಿ ಲೈನ್ ಕಡಿಯಿಸುವ ರಿಲೇ ಸರಿಯಾಗಿ ಕೆಲಸ ಮಾಡುವುದಿಲ್ಲ, ಹತ್ತಿರದ ಲೋಹದ ಬಾಕ್ಸು, ಬೇಲಿಗಳಿಗೆ ವೋಲ್ಟೇಜ್ ಬರಬಹುದು. ಲೈನ್‌ಮನ್ ಕೈ ಇಡುವ ಜಾಗ ಅದು. ಆದ್ದರಿಂದ ಉಪ್ಪುನೆಲಕ್ಕೆ ಕೋರ್ ಮೇಲೆ ತಾಮ್ರದ ಪಟ್ಟಿಯ ಬದಲು ತಾಮ್ರದ ತಂತಿಗಳ ಸ್ಕ್ರೀನ್ ಇರುವ ವಿನ್ಯಾಸ ಕೇಳಿ, ಅದರ ಅಡ್ಡಕೊಯ್ತ ಎಷ್ಟು, ನಿಮ್ಮ ಉಪಕೇಂದ್ರದ ಅರ್ತ್ ಫಾಲ್ಟ್ ಕರೆಂಟನ್ನು ಅದು ಎಷ್ಟು ಹೊತ್ತು ಹೊರುತ್ತದೆ ಎಂಬುದನ್ನು ತಯಾರಕರಿಂದ ಬರೆಸಿಕೊಳ್ಳಿ.

ನೀರುತಡೆಯಲ್ಲಿ ಎರಡು ದಿಕ್ಕು. ಅಡ್ಡದಿಕ್ಕಿನಲ್ಲಿ, ಅಂದರೆ ಹೊರಗಿನಿಂದ ಕೋರಿನ ಕಡೆಗೆ ಬರುವ ತೇವವನ್ನು ತಡೆಯುವುದು ಪಾಲಿಥೀನ್ ಕವಚದ ಒಳಮೈಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆ. ಉದ್ದದಿಕ್ಕಿನಲ್ಲಿ ತಡೆಯುವುದು ನೀರು ತಾಗಿದ ಕೂಡಲೇ ಉಬ್ಬುವ ಪುಡಿ ಮತ್ತು ಪಟ್ಟಿಗಳು. ಇವು ಸ್ಕ್ರೀನಿನ ಕೆಳಗೂ ವಾಹಕದ ಎಳೆಗಳ ಸಂದಿಯಲ್ಲೂ ಇರಬೇಕು. ಉದ್ದದಿಕ್ಕಿನದು ಇಲ್ಲದ ಕೇಬಲ್ಲಿಗೆ ಒಂದು ಕಡೆ ಜೆಸಿಬಿ ಹಲ್ಲು ತಾಗಿದರೆ ನೀರು ಎಳೆಗಳ ನಡುವಿನಿಂದ ಮೀಟರುಗಟ್ಟಲೆ ಹರಿದುಹೋಗುತ್ತದೆ, ತುಂಡು ಕತ್ತರಿಸಿ ಜಾಯಿಂಟ್ ಹಾಕಿದರೂ ಒಳಗೆ ತೇವ ಉಳಿದಿರುತ್ತದೆ. ಈ ಒಂದು ಅಂಶಕ್ಕಾಗಿ ತಾಮ್ರದ ಆಸೆ ಬಿಡಬೇಕಾಗಿ ಬಂದರೆ ಕಣ್ಣುಮುಚ್ಚಿ ಬಿಡಿ.

ತಾಮ್ರ, ಅಲ್ಯೂಮಿನಿಯಂ ಮತ್ತು ಅಳತೆ

240 ಚದರ ಮಿ.ಮೀ. ಅಲ್ಯೂಮಿನಿಯಮ್ಮಿನ ಗರಿಷ್ಠ ರೋಧ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 0.125 ಓಂ. 150 ಚದರ ಮಿ.ಮೀ. ತಾಮ್ರದ್ದು 0.124. ಅಂದರೆ ಎರಡೂ ಸರಿಸಮ. ಆದರೆ ಮೂರು ಕೋರಿನ ಲೋಹದ ತೂಕ ನೋಡಿದರೆ ಅಲ್ಯೂಮಿನಿಯಂ ಮೀಟರಿಗೆ ಸುಮಾರು 2 ಕಿಲೋ, ತಾಮ್ರ 4 ಕಿಲೋ. ಬೆಲೆಯ ಅಂತರ ತೂಕದ ಅಂತರಕ್ಕಿಂತಲೂ ದೊಡ್ಡದು. ಮೇಲಾಗಿ ಕಾಡಿನ ದಾರಿಯಲ್ಲಿ, ಕಾವಲಿಲ್ಲದ ಕಡಲತೀರದಲ್ಲಿ ತಾಮ್ರ ಹೂತರೆ ಕಳ್ಳರಿಗೆ ಕರೆದು ತೋರಿಸಿದಂತೆ. ಜಾಗ ಇಕ್ಕಟ್ಟಾದ ಪ್ಯಾನೆಲ್ ರೂಮಿನೊಳಗಿನ ಗಿಡ್ಡ ಜೋಡಣೆಗಳಿಗೆ ತಾಮ್ರ ಇರಲಿ, ನೆಲದಡಿಯ ಉದ್ದಕ್ಕೆ ಅಲ್ಯೂಮಿನಿಯಂ.

ಅಳತೆಯ ಬಗ್ಗೆ ಇರುವ ತಪ್ಪುಕಲ್ಪನೆ ಎಂದರೆ ಲೋಡ್ ನೋಡಿ ಅಳತೆ ಎನ್ನುವುದು. 500 ಕೆವಿಎ ಸಂಪರ್ಕಕ್ಕೆ 11 ಕೆವಿಯಲ್ಲಿ ಹರಿಯುವುದು 26 ಆಂಪಿಯರ್ ಮಾತ್ರ. 95 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ನೆಲದಲ್ಲಿ ಇನ್ನೂರರ ಹತ್ತಿರ ಹೊರುತ್ತದೆ. ಹಾಗಿದ್ದರೆ ಇನ್ನೂ ಸಣ್ಣದು ಹಾಕಬಹುದಲ್ಲ ಎಂದರೆ, ಇಲ್ಲ. ಅಳತೆಯನ್ನು ತೀರ್ಮಾನಿಸುವುದು ಶಾರ್ಟ್ ಸರ್ಕ್ಯೂಟ್. ಎಕ್ಸ್‌ಎಲ್‌ಪಿಇ ಹೊದ್ದ ಅಲ್ಯೂಮಿನಿಯಂ ಒಂದು ಸೆಕೆಂಡಿಗೆ ಪ್ರತಿ ಚದರ ಮಿ.ಮೀ.ಗೆ 94 ಆಂಪಿಯರ್ ತಡೆಯುತ್ತದೆ. 95ಕ್ಕೆ ಸುಮಾರು 8.9 ಕಿಲೋ ಆಂಪಿಯರ್, 240ಕ್ಕೆ 22.6. ನಿಮ್ಮ ಉಪಕೇಂದ್ರದ ಫಾಲ್ಟ್ ಲೆವೆಲ್ (ಶಾರ್ಟ್ ಸರ್ಕ್ಯೂಟಿನಲ್ಲಿ ಹರಿಯಬಹುದಾದ ಗರಿಷ್ಠ ಕರೆಂಟು) ಎಷ್ಟು, ಅಲ್ಲಿನ ರಿಲೇ ಎಷ್ಟು ಹೊತ್ತಿಗೆ ಬ್ರೇಕರ್ ಬೀಳಿಸುತ್ತದೆ ಎಂಬ ಎರಡು ಅಂಕಿಗಳನ್ನು ಹೆಸ್ಕಾಂ ಶಾಖಾ ಕಚೇರಿಯಲ್ಲಿ ಕೇಳಿ ಪಡೆಯದೆ ಅಳತೆ ಬರೆಯಬೇಡಿ.

ಊರಿಗೇ ಹೋಗುವ ಫೀಡರಿನ ಲೆಕ್ಕ ಬೇರೆ. 3 ಎಂವಿಎ ಹರಿಯುವ ಫೀಡರಿನಲ್ಲಿ ಕರೆಂಟು 157 ಆಂಪಿಯರ್. ವಾಹಕ ಪೂರ್ತಿ ಬಿಸಿಯಾದಾಗ 240 ಚದರ ಮಿ.ಮೀ. ಕೇಬಲ್ಲಿನಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 12 ಕಿಲೋವಾಟ್ ಶಾಖವಾಗಿ ಹೋಗುತ್ತದೆ, 400 ಹಾಕಿದರೆ ಏಳೂವರೆ. ಲೋಡ್ ದಿನವಿಡೀ ಒಂದೇ ಸಮ ಇರುವುದಿಲ್ಲವಾದ್ದರಿಂದ ವರ್ಷದ ಸರಾಸರಿ ನಷ್ಟ ಇದರ ಹತ್ತರಲ್ಲಿ ಮೂರು ಪಾಲು ಎಂದು ಹಿಡಿದರೂ ಉಳಿತಾಯ ಕಿಲೋಮೀಟರಿಗೆ ವರ್ಷಕ್ಕೆ 11,700 ಯೂನಿಟ್ ಆಸುಪಾಸು. ಮೂವತ್ತು ವರ್ಷ ಬಾಳಬೇಕಾದ ಕೇಬಲ್ಲಿಗೆ ಈ ಲೆಕ್ಕ ಹಾಕಿಯೇ ಅಳತೆ ಆರಿಸಬೇಕು. ಐಸ್ ಪ್ಲಾಂಟಿನ ಇನ್ನೂರು ಮೀಟರಿಗೆ ಇದು ಬೇಡ.

ಶಾಖದ ಮಾತೂ ಫೀಡರಿನವರಿಗೇ ಸೇರಿದ್ದು. ಕ್ಯಾಟಲಾಗಿನ ಆಂಪಿಯರ್ ಅಂಕಿಗಳು ನೆಲದ ತಾಪ 30 ಡಿಗ್ರಿ, ಮಣ್ಣಿನ ಶಾಖರೋಧ 1.5 (ಕೆಲ್ವಿನ್-ಮೀಟರ್/ವ್ಯಾಟ್) ಎಂದು ಹಿಡಿದು ಬರೆದವು. ಒಣಗಿದ ಮಣ್ಣಿನಲ್ಲಿ ಅದು 2.5ಕ್ಕೆ ಏರಿದರೆ ಕೇಬಲ್ಲಿನ ಸಾಮರ್ಥ್ಯದಲ್ಲಿ ಐದನೇ ಒಂದು ಭಾಗ ಹೋಯಿತು. ಅದೂ ಏಪ್ರಿಲ್-ಮೇ ತಿಂಗಳಲ್ಲಿ, ಹೋಟೆಲ್ಲುಗಳ ಎಸಿ, ಐಸ್ ಪ್ಲಾಂಟು, ತೋಟದ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಓಡುವಾಗ. ಚಿರೇಕಲ್ಲಿನ ಗುಂಡಿಗೆ ಬರೀ ಮರಳು ತುಂಬಬೇಡಿ, ಒಣಮರಳು ಶಾಖ ಬಿಡುವುದಿಲ್ಲ. ಹದಿನಾಲ್ಕು ಪಾಲು ಮರಳಿಗೆ ಒಂದು ಪಾಲು ಸಿಮೆಂಟು ಬೆರೆಸಿ, ಕೇಬಲ್ ಸುತ್ತ ಧಮ್ಮಸ್ಸು ಮಾಡಿ ತುಂಬಿದರೆ ಸಂದಿ ಉಳಿಯುವುದಿಲ್ಲ, ಬೇಸಿಗೆಯಲ್ಲೂ ಶಾಖ ದಾಟುತ್ತದೆ. ಕಡಲತೀರದ ಮರಳನ್ನಂತೂ ಯಾವ ಕಾರಣಕ್ಕೂ ಗುಂಡಿಗೆ ತರಬೇಡಿ; ಅದರೊಟ್ಟಿಗೆ ಉಪ್ಪು ಬರುತ್ತದೆ.

ಒಂದು ಕೋರೋ, ಮೂರು ಕೋರೋ?

11 ಕೆವಿಗೆ ಮೂರು ಕೋರು, ಚರ್ಚೆ ಬೇಡ. 33 ಕೆವಿಯಲ್ಲಿ ಯೋಚಿಸಬೇಕು. ಆ ಮೂರು ಕೋರಿನ ಕೇಬಲ್ ಮೀಟರಿಗೆ ಹತ್ತು ಕಿಲೋ ಮೀರುತ್ತದೆ, ಡ್ರಮ್ ಟನ್ನುಗಟ್ಟಲೆ ತೂಗುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಅದನ್ನು ಇಳಿಸಿ, ಹೊರವ್ಯಾಸದ ಹದಿನೈದು ಪಟ್ಟು ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸದೆ ಎಳೆಯುವುದು ದೊಡ್ಡ ಕೆಲಸ. ಒಂದೊಂದೇ ಕೋರಿನ ಮೂರು ಕೇಬಲ್ ಹಗುರ, ಒಂದೇ ಡ್ರಮ್ಮಿನಲ್ಲಿ ಹೆಚ್ಚು ಉದ್ದ ಬರುತ್ತದೆ, ಅಂದರೆ ಜಾಯಿಂಟ್ ಕಡಿಮೆ. ಒಂದು ಫೇಸ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಅದಕ್ಕೆ ಬೇಕಾದ ಶಿಸ್ತು ಮಾತ್ರ ಹೆಚ್ಚು. ಒಂಟಿ ಕೋರಿನ ಮೇಲೆ ಉಕ್ಕಿನ ಆರ್ಮರ್ ಬರಕೂಡದು, ಅಲ್ಯೂಮಿನಿಯಂ ತಂತಿಯೇ ಇರಬೇಕು. ಇಲ್ಲದಿದ್ದರೆ ಕಾಂತೀಯ ನಷ್ಟದಿಂದ ಆರ್ಮರೇ ಕಾಯುತ್ತದೆ. ಮೂರನ್ನೂ ತ್ರಿಕೋನವಾಗಿ ಒತ್ತಟ್ಟಿಗೆ ಕಟ್ಟಬೇಕು. ಒಂದೇ ಫೇಸನ್ನು ಕಬ್ಬಿಣದ ಪೈಪಿನೊಳಗೆ ಹಾಯಿಸಬಾರದು. ಸ್ಕ್ರೀನನ್ನು ಎರಡೂ ತುದಿಗೆ ಅರ್ತ್ ಮಾಡಿದರೆ ಅದರಲ್ಲಿ ಕರೆಂಟು ಸುತ್ತುತ್ತದೆ, ಒಂದೇ ತುದಿಗೆ ಮಾಡಿದರೆ ಇನ್ನೊಂದು ತುದಿಯಲ್ಲಿ ವೋಲ್ಟೇಜ್ ನಿಲ್ಲುತ್ತದೆ. ಇದನ್ನು ಲೆಕ್ಕ ಹಾಕಿ ವಿನ್ಯಾಸ ಮಾಡುವ ಎಂಜಿನಿಯರ್ ಜೊತೆಗಿಲ್ಲದಿದ್ದರೆ ಭಾರವಾದರೂ ಮೂರು ಕೋರಿಗೇ ಹೋಗಿ.

ಘಟ್ಟದಲ್ಲಿ ಮತ್ತು ಹೊಳೆ ದಾಟುವಲ್ಲಿ

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಕರಾವಳಿಯಲ್ಲಿ ಕಂಬಗಳನ್ನು ಸಾಲುಸಾಲಾಗಿ ಕೆಡವಿದ ಮೇಲೆ ಎಲ್ಲವನ್ನೂ ನೆಲದಡಿಗೆ ಹಾಕಿ ಎಂಬ ಕೂಗು ಎದ್ದಿತು. ಪೇಟೆಯೊಳಗೆ, ಕಡಲಂಚಿನ ಊರುಗಳಲ್ಲಿ ನಾನು ಅದಕ್ಕೆ ಪೂರ್ತಿ ಒಪ್ಪುತ್ತೇನೆ. ಘಟ್ಟದ ರಸ್ತೆಬದಿಗೆ ಒಪ್ಪುವುದಿಲ್ಲ. ಇಳಿಜಾರಿನಲ್ಲಿ ತೋಡಿದ ಉದ್ದ ಗುಂಡಿ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ, ಗುಡ್ಡದ ಬುಡ ಸಡಿಲವಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅಂಥ ಗುಡ್ಡಗಳ ಬುಡದಲ್ಲಿ ಮತ್ತೊಂದು ಗುಂಡಿ ತೋಡುವ ಮುನ್ನ ಎರಡು ಸಲ ಯೋಚಿಸಬೇಕು. ತೋಡಲೇಬೇಕಾದರೆ ಅಲ್ಲಲ್ಲಿ ಅಡ್ಡಲಾಗಿ ಕಲ್ಲಿನ ತಡೆ ಕಟ್ಟಿ ನೀರಿನ ಓಟ ಮುರಿಯಬೇಕು.

ಕಾಡಿನ ನಡುವೆ ಕಂಬದ ಮೇಲೆಯೇ ಹೋಗುವ ಎರಡು ದಾರಿಗಳಿವೆ. ನಿರೋಧಕ ಹೊದಿಸಿದ ಕವರ್ಡ್ ಕಂಡಕ್ಟರ್ ಒಂದು. ಕೊಂಬೆ ತಾಗಿದರೆ ಲೈನ್ ಟ್ರಿಪ್ ಆಗುವುದು ತಪ್ಪುತ್ತದೆ, ಆದರೆ ಸ್ಕ್ರೀನ್ ಇಲ್ಲದ ಕಾರಣ ಮುಟ್ಟಿದವರಿಗೆ ಅಪಾಯವೇ. ಇನ್ನೊಂದು 11 ಕೆವಿ ಏರಿಯಲ್ ಬಂಚ್ಡ್ ಕೇಬಲ್. ಇದರಲ್ಲಿ ಪ್ರತಿ ಕೋರಿಗೂ ಸ್ಕ್ರೀನ್ ಇದೆ, ಮೂರನ್ನೂ ಒಂದು ಹೊರುವ ತಂತಿಗೆ ಸುತ್ತಿರುತ್ತಾರೆ. ತೂಕ ಹೆಚ್ಚು, ಕಂಬಗಳನ್ನು ಹತ್ತಿರ ನೆಡಬೇಕು. ಶಿರಸಿ-ಯಲ್ಲಾಪುರದ ಒಳಹಳ್ಳಿಗಳಿಗೆ ನನ್ನ ಆಯ್ಕೆ ಇದೇ. ಕೆಟ್ಟಾಗ ಕಣ್ಣಿಗೆ ಕಾಣುತ್ತದೆ, ಜುಲೈ ಮಳೆಯಲ್ಲಿ ಕಾಡಿನ ನೆಲ ಅಗೆದು ಫಾಲ್ಟ್ ಹುಡುಕುವ ಕಷ್ಟ ಲೈನ್‌ಮನ್‌ಗಳಿಗೆ ತಪ್ಪುತ್ತದೆ.

ಹೊಳೆ ದಾಟಿಸಲು ಸೇತುವೆಗೆ ಕಟ್ಟುವುದು ಅಗ್ಗದ ದಾರಿ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ಮಧ್ಯರಾತ್ರಿಯ ನಂತರ ಕುಸಿದುಬಿದ್ದದ್ದನ್ನು ಕಾರವಾರದವರಿಗೆ ನೆನಪಿಸಬೇಕಿಲ್ಲ. ಸೇತುವೆಯ ಆಯುಸ್ಸು ಕೇಬಲ್ಲಿನ ಆಯುಸ್ಸಾಗುತ್ತದೆ, ವಾಹನಗಳ ಕಂಪನವೂ ದಿನವೂ ಕೇಬಲ್ಲಿಗೆ ಬೀಳುತ್ತದೆ. ಹೊಳೆಯ ತಳದ ಕೆಳಗೆ ಯಂತ್ರದಿಂದ ಅಡ್ಡ ಕೊರೆದು ಎಚ್‌ಡಿಪಿಇ ಕೊಳವೆ ಹಾಯಿಸುವುದು ದುಬಾರಿ, ಆದರೂ ಮುಖ್ಯ ಫೀಡರಿಗೆ ಅದನ್ನೇ ಮಾಡಬೇಕು. ಆಗ ಒಂದು ಖಾಲಿ ಕೊಳವೆಯನ್ನೂ ಜೊತೆಗೇ ಹಾಯಿಸಿಡಿ. ಕೊಂಕಣ ರೈಲ್ವೆ ಹಳಿ ದಾಟುವಲ್ಲೂ ಹೀಗೆಯೇ ಕೊಳವೆಯೊಳಗೆ, ಅವರ ಅನುಮತಿ ಪಡೆದು; ಅರ್ಜಿ ಬೇಗ ಹಾಕಿ, ಅದಕ್ಕೆ ಸಮಯ ಹಿಡಿಯುತ್ತದೆ.

ತುದಿಗಳು, ಜಾಯಿಂಟುಗಳು

ಎಷ್ಟು ಒಳ್ಳೆಯ ಕೇಬಲ್ ತಂದರೂ ಫಾಲ್ಟ್ ಮೊದಲು ಬರುವುದು ಜಾಯಿಂಟಿನಲ್ಲಿ. ಬೆಂಕಿಯ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕಿಟ್ ಅಗ್ಗ, ಗಟ್ಟಿ, ಕೆಲಸ ಬಲ್ಲವರು ಎಲ್ಲ ಕಡೆ ಇದ್ದಾರೆ. ಆದರೆ ಕಡಲಗಾಳಿಯಲ್ಲಿ ಗ್ಯಾಸ್ ಜ್ವಾಲೆ ಒಂದೇ ಸಮ ನಿಲ್ಲುವುದಿಲ್ಲ, ಒಂದು ಕಡೆ ಸುಟ್ಟು ಇನ್ನೊಂದು ಕಡೆ ಸಡಿಲ ಉಳಿಯುತ್ತದೆ. ಕೋಲ್ಡ್ ಶ್ರಿಂಕ್‌ಗೆ ಬೆಂಕಿ ಬೇಡ, ಒಳಗಿನ ಸುರುಳಿ ಎಳೆದರೆ ರಬ್ಬರ್ ತಾನೇ ಬಿಗಿಯುತ್ತದೆ, ಕೇಬಲ್ ಬಿಸಿಗೆ ಹಿಗ್ಗಿ ಕುಗ್ಗಿದರೂ ಅದು ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದ ತುರ್ತು ದುರಸ್ತಿಗೆ, ಕಡಲಂಚಿಗೆ ಕೋಲ್ಡ್ ಶ್ರಿಂಕ್. ಬೇಸಿಗೆಯಲ್ಲಿ ಘಟ್ಟದ ಮೇಲೆ ಮಾಡುವ ಕೆಲಸಕ್ಕೆ ಹೀಟ್ ಶ್ರಿಂಕ್ ಸಾಕು. ಎರಡರಲ್ಲೂ ಅರೆವಾಹಕ ಪದರ ಸುಲಿಯುವಾಗ ನಿರೋಧಕಕ್ಕೆ ಚಾಕುವಿನ ಗೀರು ಬೀಳಬಾರದು. ಗೀರು ಬಿದ್ದಲ್ಲೇ ಮುಂದೆ ಡಿಸ್ಚಾರ್ಜ್ (ಸಣ್ಣ ಕಿಡಿ) ಶುರುವಾಗುವುದು.

ಕಡಲಿಗೆ ಕಾಣುವ ಕಂಬದ ಮೇಲಿನ ಹೊರಾಂಗಣ ಟರ್ಮಿನೇಷನ್ನಿಗೆ ಮೇಲ್ಮೈ ಉದ್ದ, ಅಂದರೆ ಕ್ರೀಪೇಜ್, ಪ್ರತಿ ಕೆವಿಗೆ 31 ಮಿ.ಮೀ. ಲೆಕ್ಕದಲ್ಲಿ ಕೇಳಿ. 11 ಕೆವಿ ವ್ಯವಸ್ಥೆಯ ಗರಿಷ್ಠ 12 ಕೆವಿ ಹಿಡಿದರೆ 372 ಮಿ.ಮೀ., 33ಕ್ಕೆ 36 ಹಿಡಿದರೆ 1,116 ಮಿ.ಮೀ. ಆಯಿತು. ನೀರನ್ನು ಹನಿಯಾಗಿ ಉರುಳಿಸಿಬಿಡುವ ಸಿಲಿಕೋನ್ ರಬ್ಬರ್ ಮೈ ಇರಲಿ. ಅಲ್ಯೂಮಿನಿಯಂ ಕೋರು ತಾಮ್ರದ ಬಸ್‌ಬಾರಿಗೆ ಸೇರುವಲ್ಲಿ ಎರಡು ಲೋಹದ ಬೈಮೆಟಾಲಿಕ್ ಲಗ್ (ಕೋರಿನ ತುದಿಗೆ ಒತ್ತುವ ಕೊಂಡಿ) ಕಡ್ಡಾಯ. ಉಪ್ಪುಗಾಳಿಯಲ್ಲಿ ಬರೀ ಅಲ್ಯೂಮಿನಿಯಂ ಲಗ್ ತಾಮ್ರಕ್ಕೆ ತಾಗಿಕೊಂಡು ಬಹಳ ದಿನ ಉಳಿಯುವುದಿಲ್ಲ.

ಓವರ್‌ಹೆಡ್ ಲೈನಿನಿಂದ ಕೇಬಲ್ ಇಳಿಯುವ ಕಂಬದಲ್ಲಿ ಸಿಡಿಲಿನ ಹೊಡೆತವನ್ನು ಭೂಮಿಗೆ ಇಳಿಸುವ ಲೈಟ್ನಿಂಗ್ ಅರೆಸ್ಟರ್ ಬೇಕೇ ಬೇಕು. ಮಳೆ ಹಿಡಿಯುವ ಮುಂಚಿನ ಗುಡುಗು-ಸಿಡಿಲು ಶಿರಸಿ ಕಡೆ ಎಷ್ಟು ಜೋರೆಂದು ಎಲ್ಲರಿಗೂ ಗೊತ್ತು. ಅರೆಸ್ಟರಿನ ತಂತಿ ಗಿಡ್ಡವಿರಲಿ, ಅದರ ಅರ್ತ್ ಕೇಬಲ್ಲಿನ ಸ್ಕ್ರೀನಿಗೂ ಅಲ್ಲೇ ಸೇರಿರಲಿ. ಇನ್ನೊಂದು ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಸಿಡಿಲಿನ ವೋಲ್ಟೇಜ್ ಅಲೆ ಅಲ್ಲಿ ಪ್ರತಿಫಲಿಸಿ ಇಮ್ಮಡಿಯ ಹತ್ತಿರ ಏರಬಹುದು, ಅಲ್ಲೂ ಒಂದು ಸೆಟ್ ಹಾಕಿಸಿ.

ತರಿಸುವಾಗ, ಹೂಳುವಾಗ, ಪರೀಕ್ಷಿಸುವಾಗ

ಡ್ರಮ್ ಬಂದಾಗ ತುದಿಗಳಿಗೆ ಶಾಖದಿಂದ ಬಿಗಿದ ಮುಚ್ಚಳ ಇದೆಯೇ ನೋಡಿ. ಪ್ಲಾಸ್ಟಿಕ್ ಚೀಲ ಕಟ್ಟಿ ಯಾರ್ಡಿನಲ್ಲಿ ಮಳೆಗೆ ಬಿಟ್ಟ ಕೇಬಲ್ಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಕಾರ್ಖಾನೆಯ ವರದಿಯಲ್ಲಿ ನಿಮ್ಮದೇ ಡ್ರಮ್ ಸಂಖ್ಯೆಯ, ನಿರೋಧಕದೊಳಗಿನ ಸಣ್ಣ ಕಿಡಿಗಳನ್ನು ಪತ್ತೆಹಚ್ಚುವ ಪಾರ್ಷಿಯಲ್ ಡಿಸ್ಚಾರ್ಜ್ ಪರೀಕ್ಷೆ ಇರಬೇಕು, ಎಕ್ಸ್‌ಎಲ್‌ಪಿಇ ಸರಿಯಾಗಿ ಹದವಾಗಿದೆ ಎಂದು ತೋರಿಸುವ ಹಾಟ್ ಸೆಟ್ ಪರೀಕ್ಷೆಯೂ ಇರಬೇಕು.

ಹೂಳುವ ಆಳ ಐಎಸ್ 1255ರ ಪ್ರಕಾರ 11 ಕೆವಿಗೆ 90 ಸೆಂಟಿಮೀಟರ್, 33 ಕೆವಿಗೆ 105. ಚಿರೇಕಲ್ಲು ಬಂತೆಂದು ಅರ್ಧ ಆಳದಲ್ಲೇ ನಿಲ್ಲಿಸುವುದು ನಮ್ಮಲ್ಲಿ ಹೆಚ್ಚು. ಗುಂಡಿ ಮುಚ್ಚುವ ಮೊದಲು ನೀವೇ ನಿಂತು ಅಳೆಯಿರಿ, ಫೋಟೋ ತೆಗೆದಿಡಿ. ಮೇಲೆ ಕಾಂಕ್ರೀಟ್ ಹಲಗೆ, ಅದರ ಮೇಲೆ ಎಚ್ಚರಿಕೆ ಪಟ್ಟಿ.

ಹೂತ ಮೇಲೆ ಮೊದಲ ಪರೀಕ್ಷೆ ಹೊರಕವಚದ್ದು. ಆರ್ಮರಿಗೂ ಭೂಮಿಗೂ ನಡುವೆ ಡಿಸಿ ವೋಲ್ಟೇಜ್ ಕೊಟ್ಟು ನೋಡಿದರೆ ಎಳೆಯುವಾಗ ಎಲ್ಲಾದರೂ ತೂತು ಬಿದ್ದಿದೆಯೇ ತಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಇದನ್ನೇ ಮಾಡಿಸಿದರೆ ನೀರು ನಿರೋಧಕ ಮುಟ್ಟುವ ಮುನ್ನವೇ ಗೊತ್ತಾಗುತ್ತದೆ. ಮುಖ್ಯ ನಿರೋಧಕದ ಮೇಲೆ ಹಳೇ ಪದ್ಧತಿಯ ಡಿಸಿ ಹೈ-ಪಾಟ್ (ಹೆಚ್ಚಿನ ಡಿಸಿ ವೋಲ್ಟೇಜಿನ ಪರೀಕ್ಷೆ) ಬೇಡ. ತೇವ ತಿಂದ ಎಕ್ಸ್‌ಎಲ್‌ಪಿಇಯಲ್ಲಿ ಅದು ಚಾರ್ಜ್ ಉಳಿಸಿ ಇನ್ನಷ್ಟು ಕೆಡಿಸುತ್ತದೆ. ಬದಲಿಗೆ ಅತಿ ಕಡಿಮೆ ಆವರ್ತನದ, 0.1 ಹರ್ಟ್ಸ್‌ನ ವಿಎಲ್‌ಎಫ್ ಪರೀಕ್ಷೆ ಕೇಳಿ: ಹೊಸ 11 ಕೆವಿ ಕೇಬಲ್ಲಿಗೆ 6.35ರ ಮೂರು ಪಟ್ಟು, ಅಂದರೆ 19 ಕೆವಿ, ಹದಿನೈದು ನಿಮಿಷ.

ಹತ್ತಿಪ್ಪತ್ತು ಮೀಟರ್ ಅದೇ ಡ್ರಮ್ಮಿನ ಕೇಬಲ್ಲನ್ನು ತುದಿ ಸೀಲ್ ಮಾಡಿ ನೆರಳಿನಲ್ಲಿ ಎತ್ತಿಡಿ, ಜೊತೆಗೆ ಎರಡು ಜಾಯಿಂಟ್ ಕಿಟ್. ಕಿಟ್ಟಿನ ಮೇಲೆ ಅವಧಿ ಮುಗಿಯುವ ತಾರೀಕು ಇದ್ದರೆ ಗೋಡೆಗೆ ಬರೆದು ಹಚ್ಚಿ. ಪ್ರತಿ ಜಾಯಿಂಟ್ ಎಲ್ಲಿದೆ, ಹತ್ತಿರದ ಕಂಬದಿಂದಲೋ ಕಾಂಪೌಂಡ್ ಮೂಲೆಯಿಂದಲೋ ಎಷ್ಟು ಮೀಟರ್ ಎಂಬ ನಕ್ಷೆಯ ಒಂದು ಪ್ರತಿ ನಿಮ್ಮಲ್ಲಿ, ಒಂದು ಹೆಸ್ಕಾಂ ಶಾಖೆಯಲ್ಲಿ, ಒಂದು ಪಂಚಾಯಿತಿ ಅಥವಾ ನಗರಸಭೆಯಲ್ಲಿ ಇರಲಿ; ನೀರಿನ ಪೈಪಿಗೆ ಅಗೆಯಲು ಬರುವವರು ಮೊದಲು ಕೇಳುವುದು ಅಲ್ಲಿಯೇ.